ಅಗ್ಗದ ಅಂಗಿಯ ಬಾಕಿ ಹಣ ಕಟ್ಟುವವರು ಯಾರು?

ಬಟ್ಟೆ ಅಂಗಡಿಯ ಸರಕು ಒಂದು ಕಾಲದಲ್ಲಿ ಹಬ್ಬ, ಮದುವೆ, ಮಳೆ, ಚಳಿ ನೋಡಿಕೊಂಡು ಬದಲಾಗುತ್ತಿತ್ತು. ಈಗ ದೊಡ್ಡ ಮಳಿಗೆಗಳಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ವಾರವಾರವೂ ಹೊಸ ಮಾಲು ಬಂದು ಬೀಳುತ್ತದೆ. ಓಡುತ್ತಿರುವ ವಿನ್ಯಾಸವನ್ನು ಕೆಲವೇ ವಾರಗಳಲ್ಲಿ ಅಗ್ಗವಾಗಿ ಹೊಲಿಸಿ ಮಾರಿ, ಅದರ ಹೊಸತನ ಮಾಸುವ ಮೊದಲೇ ಮುಂದಿನದನ್ನು ತೂಗುಹಾಕುವ ಈ ವ್ಯಾಪಾರಕ್ಕೆ ಫಾಸ್ಟ್ ಫ್ಯಾಷನ್ ಎಂದು ಹೆಸರು. ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ 2017ರ ವರದಿಯ ಪ್ರಕಾರ, ಹದಿನೈದು ವರ್ಷಗಳಲ್ಲಿ ಜಗತ್ತಿನ ಉಡುಪು ಉತ್ಪಾದನೆ ಸುಮಾರು ಇಮ್ಮಡಿಯಾಯಿತು. ಒಂದು ಉಡುಪನ್ನು ಎಷ್ಟು ಸಲ ತೊಡುತ್ತಾರೆ ಎಂಬ ಲೆಕ್ಕ ಮಾತ್ರ ಶೇ. 36ರಷ್ಟು ಇಳಿಯಿತು. ಬಟ್ಟೆ ಹರಿಯುವ ಮೊದಲೇ ಬೇಸರ ಬರಬೇಕು, ಬಂದರೇ ಈ ವ್ಯಾಪಾರ ನಡೆಯುವುದು.

ಅಗ್ಗದ ಗುಟ್ಟು ಮೊದಲು ಸಿಗುವುದು ಹೊಲಿಗೆಯ ಸಾಲಿನಲ್ಲಿ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅಲ್ಲಿ ಇಡೀ ಅಂಗಿಯನ್ನು ಯಾರೂ ಹೊಲಿಯುವುದಿಲ್ಲ. ಒಬ್ಬಳಿಗೆ ಕಾಲರ್, ಪಕ್ಕದವಳಿಗೆ ಕಫ್, ಅದರಾಚೆಯವಳಿಗೆ ಗುಂಡಿಯ ಕಾಜಾ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಮೊದಲೇ ಗೊತ್ತಾಗಿರುತ್ತದೆ, ಆಗಿದ್ದೆಷ್ಟು ಎಂದು ಸೂಪರ್‌ವೈಸರ್ ಗಂಟೆಗೊಮ್ಮೆ ಬರೆದುಕೊಳ್ಳುತ್ತಾನೆ. ಒಬ್ಬಳು ಎದ್ದುಹೋದರೆ ಮುಂದಿನ ಮಿಷನ್ನಿಗೆ ಕೆಲಸ ಬರುವುದು ನಿಲ್ಲುತ್ತದೆ, ಬೈಗುಳ ಬೀಳುತ್ತದೆ. ಶೌಚಕ್ಕೆ ಏಳಬೇಕಾದೀತೆಂದು ನೀರನ್ನೇ ಕಡಿಮೆ ಕುಡಿಯುವ ಸ್ಥಿತಿಯ ಬಗ್ಗೆ ಕಾರ್ಮಿಕ ಸಂಘಗಳು ವರ್ಷಗಳಿಂದ ಹೇಳುತ್ತಲೇ ಬಂದಿವೆ.

ಇವರ ಕೂಲಿಯ ವಿಚಾರದಲ್ಲಿ ನಡೆದ ಒಂದು ಪ್ರಸಂಗ ಉಳಿದೆಲ್ಲವನ್ನೂ ಹೇಳುತ್ತದೆ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯ ಹೆಚ್ಚಳ ತಿಂಗಳಿಗೆ ಸುಮಾರು 417 ರೂಪಾಯಿ, ಅಂದರೆ ದಿನಕ್ಕೆ ಹದಿನಾರು ರೂಪಾಯಿ. ಕೋವಿಡ್ ಕಾರಣಕ್ಕೆ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಆಮೇಲೂ ಕಾರ್ಖಾನೆಗಳು ಹಣ ಬಿಚ್ಚಲಿಲ್ಲ. ಬಾಕಿ ಬರಬೇಕಿದ್ದವರು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ. ಸಂಘಗಳ ಹೋರಾಟದ ಜೊತೆಗೆ ಮಾಲು ಕೊಳ್ಳುವ ವಿದೇಶಿ ಬ್ರ್ಯಾಂಡುಗಳ ಮೇಲೂ ಒತ್ತಡ ಬಿದ್ದ ಮೇಲೆ, 2022ರಲ್ಲಿ ಹಣ ಕೈಸೇರತೊಡಗಿತು. ಕಾನೂನು ಇತ್ತು, ಕೋರ್ಟಿನ ಆದೇಶವೂ ಇತ್ತು. ಕೊನೆಗೆ ಮಾತು ನಡೆದದ್ದು ಆರ್ಡರ್ ಕೊಡುವವನದು.

ಆರ್ಡರ್ ಕೊಡುವವನಿಗೆ ಬೇಕಾದ್ದು ಕಡಿಮೆ ದರ ಮತ್ತು ತಪ್ಪದ ಗಡುವು. ಆ ಗಡುವಿನ ಬಿಸಿ ಎಲ್ಲಿಗೆ ಮುಟ್ಟುತ್ತದೆ ಎಂಬುದು ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ಕಂಡಿತು. ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡದಲ್ಲಿ ಬಿರುಕು ಕಾಣಿಸಿಕೊಂಡಾಗ ಕೆಳಗಿನ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮರುದಿನವೂ ಕೆಲಸಕ್ಕೆ ಕರೆಸಲಾಯಿತು. 2013ರ ಏಪ್ರಿಲ್ 24ರ ಬೆಳಿಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು.

ಕೂಲಿಯಾದ ಮೇಲೆ ನೀರು. ತಮಿಳುನಾಡಿನ ತಿರುಪ್ಪೂರಿನಲ್ಲಿ ಹರಿಯುವ ನೊಯ್ಯಲ್ ನದಿ ಮುಂದೆ ಕಾವೇರಿಯನ್ನೇ ಸೇರುತ್ತದೆ. ಹತ್ತಿ ಬಟ್ಟೆಗೆ ಬಣ್ಣ ಕಚ್ಚಲು ಹೇರಳವಾಗಿ ಉಪ್ಪು ಹಾಕಬೇಕು. ಬಣ್ಣವನ್ನು ಹೇಗಾದರೂ ತಿಳಿಯಾಗಿಸಬಹುದು, ನೀರಿನಲ್ಲಿ ಕರಗಿದ ಉಪ್ಪನ್ನು ತೆಗೆಯುವುದು ದುಬಾರಿ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ಅದನ್ನು ಹಾಗೇ ನದಿಗೆ ಬಿಟ್ಟವು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ನೀರು ನಿಂತಿತು. ಅದನ್ನು ಹೊಲಕ್ಕೆ ಬಿಡಬೇಡಿ ಎಂದು ರೈತರೇ ಬೇಡಿಕೊಳ್ಳಬೇಕಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟು ಏಳುನೂರಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು. ಅದಾದ ಮೇಲೆಯೇ ಹನಿ ನೀರನ್ನೂ ಹೊರಬಿಡದ ಶುದ್ಧೀಕರಣ ವ್ಯವಸ್ಥೆ ಬಿಗಿಯಾಗಿ ಜಾರಿಗೆ ಬಂದದ್ದು. ಅದರ ಖರ್ಚು ಈಗ ಕಾರ್ಖಾನೆಗಳ ತಲೆಯ ಮೇಲಿದೆ. ಉಪ್ಪು ಕುಡಿದ ನೆಲ ರೈತನ ಪಾಲಿಗೆ ಉಳಿಯಿತು.

ಹತ್ತಿಗಿಂತ ಅಗ್ಗ ಪಾಲಿಯೆಸ್ಟರ್. ಜಗತ್ತಿನ ಒಟ್ಟು ನೂಲಿನಲ್ಲಿ ಅರ್ಧಕ್ಕೂ ಹೆಚ್ಚು ಅದೇ. ಪೆಟ್ರೋಲಿಯಂನಿಂದ ತಯಾರಾಗುವ ಇದು ಪ್ಲಾಸ್ಟಿಕ್ಕೇ. ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದ ಎಳೆಗಳು ಉದುರಿ ಚರಂಡಿ, ಕೆರೆ, ಕಡಲು ಸೇರುತ್ತವೆ. ಇದರ ಅಗ್ಗ ಧ್ವಜದವರೆಗೂ ಬಂದಿದೆ. ಖಾದಿ ರಾಷ್ಟ್ರಧ್ವಜಕ್ಕೆ ಹೆಸರಾದ ಹುಬ್ಬಳ್ಳಿಯ ಬೆಂಗೇರಿ ಕೇಂದ್ರಕ್ಕೆ, 2021ರ ಕೊನೆಯಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಾಗ ದೊಡ್ಡ ಪೆಟ್ಟು ಬಿತ್ತು.

ಹಳೆ ಬಟ್ಟೆಯನ್ನು ದಾನ ಕೊಟ್ಟರಾಯಿತು, ಮರುಬಳಕೆಯಾಗುತ್ತದೆ ಎಂಬ ಸಮಾಧಾನವೂ ಬಹುಮಟ್ಟಿಗೆ ಹುಸಿ. ಬಟ್ಟೆ ಮತ್ತೆ ಬಟ್ಟೆಯಾಗುವುದು ಶೇ. 1ಕ್ಕಿಂತಲೂ ಕಡಿಮೆ. ಹತ್ತಿ, ಪಾಲಿಯೆಸ್ಟರ್ ಬೆರೆಸಿ ನೆಯ್ದದ್ದನ್ನು ಬಿಡಿಸುವುದು ಕಷ್ಟ. ಹರಿಯಾಣದ ಪಾಣಿಪತ್ ವಿದೇಶಗಳ ಹಳೆ ಉಣ್ಣೆಬಟ್ಟೆಯನ್ನು ಚಿಂದಿ ಮಾಡಿ ಕಂಬಳಿ ನೇಯುತ್ತದೆ, ಆದರೆ ಜಗತ್ತಿನ ರಾಶಿಯನ್ನೆಲ್ಲ ಪಾಣಿಪತ್ ತಿನ್ನಲಾರದು. ಘಾನಾದ ಅಕ್ರಾದ ಕಾಂಟಮಾಂಟೊ ಮಾರುಕಟ್ಟೆಗೆ ಬರುವ ಮೂಟೆಗಳಲ್ಲಿ ಮಾರಾಟವಾಗದ್ದು ಕಡಲತೀರಕ್ಕೆ ಬೀಳುತ್ತದೆ. ಚಿಲಿಯ ಇಕೀಕೆ ಬಂದರಿಗೆ ಬಂದದ್ದರಲ್ಲಿ ಉಳಿದದ್ದು ಅಟಕಾಮ ಮರುಭೂಮಿಯಲ್ಲಿ ಗುಡ್ಡವಾಗುತ್ತದೆ.

ಅಗ್ಗದ ಬಟ್ಟೆ ಬಡವರಿಗೆ ಆಸರೆ, ಅದನ್ನು ಟೀಕಿಸುವುದು ಉಳ್ಳವರ ಶೋಕಿ ಎಂಬ ಆಕ್ಷೇಪಕ್ಕೆ ಉತ್ತರ ಕೊಡಬೇಕು. ವರ್ಷಕ್ಕೆರಡು ಜೊತೆ ಕೊಳ್ಳುವ ಮನೆಯಿಂದ ಈ ಗುಡ್ಡಗಳು ಎದ್ದಿಲ್ಲ. ಅಂಥ ಮನೆಗಳಲ್ಲಿ ಅಕ್ಕನ ಲಂಗ ತಂಗಿಗೆ ಬರುತ್ತದೆ, ಹಳೆ ಸೀರೆ ಕೌದಿಯಾಗುತ್ತದೆ, ಕೌದಿಗೂ ಆಗದ್ದು ಒರೆಸುವ ಬಟ್ಟೆಯಾಗುತ್ತದೆ. ಗುಡ್ಡ ಎಬ್ಬಿಸಿದ್ದು ಒಂದೇ ಅಂಗಿಯನ್ನು ಮೂರು ಅಳತೆಯಲ್ಲಿ ತರಿಸಿ ಎರಡನ್ನು ವಾಪಸು ಕಳಿಸುವ, ಫೋಟೊದಲ್ಲಿ ಒಮ್ಮೆ ಕಂಡದ್ದನ್ನು ಮತ್ತೆ ತೊಡದ ಕೊಳ್ಳುವಿಕೆ. ಅದಕ್ಕಿಂತ ಹೆಚ್ಚಾಗಿ, ಮಾರಿ ಹೋಗುವುದಕ್ಕಿಂತ ಹೆಚ್ಚು ಹೊಲಿಸುವ ಕಂಪನಿಗಳು. ಕೊಳ್ಳುವವರನ್ನಷ್ಟೇ ದೂರಿ ಕಂಪನಿಗಳನ್ನು ಬಿಟ್ಟುಬಿಡುವುದು ಸರಿಯಲ್ಲ.

ಕಾನೂನಿನಿಂದ ಇದನ್ನು ಹಿಡಿಯಲು ಸಾಧ್ಯ. ತಾನು ಮಾರಿದ ಬಟ್ಟೆಯ ಕಸಕ್ಕೆ ಮಾರುವವನೇ ಹೊಣೆ ಎಂದು ಫ್ರಾನ್ಸ್ 2007ರಲ್ಲೇ ಗೊತ್ತುಮಾಡಿತು. ಮಾರಾಟವಾಗದ ಸರಕನ್ನು ಸುಟ್ಟು ನಾಶಮಾಡುವುದನ್ನು 2020ರ ಕಾನೂನಿನಿಂದ ನಿಷೇಧಿಸಿತು. ಭಾರತದಲ್ಲಿ ಪ್ಲಾಸ್ಟಿಕ್ ಮತ್ತು ಇ-ತ್ಯಾಜ್ಯಕ್ಕೆ ತಯಾರಕರ ಹೊಣೆಯ ನಿಯಮಗಳಿವೆ. ಅದೇ ಹೊಣೆಯನ್ನು ಬಟ್ಟೆಯ ಬ್ರ್ಯಾಂಡುಗಳ ಮೇಲೂ ಹೊರಿಸಬೇಕು. ತುಟ್ಟಿಭತ್ಯೆ ತಡೆಹಿಡಿದ ಕಾರ್ಖಾನೆಯ ಜೊತೆಗೆ ಅಲ್ಲಿ ಹೊಲಿಸಿದ ಬ್ರ್ಯಾಂಡಿನ ಹೆಸರೂ ಹೊರಬರಬೇಕು. ಕೊಳ್ಳುವವರು ಇದ್ದ ಬಟ್ಟೆ ಹರಿಯುವವರೆಗೆ ತೊಡಲಿ, ಬಿಚ್ಚಿದ ಹೊಲಿಗೆಯನ್ನು ಬೀದಿಯ ಟೈಲರ್ ಬಳಿ ಹಾಕಿಸಲಿ, ಕೊಳ್ಳಲೇಬೇಕಾದಾಗ ಇದನ್ನು ಎಲ್ಲಿ ಹೊಲಿಸಿದ್ದು, ಹೊಲಿದವರಿಗೆ ಎಷ್ಟು ಕೊಟ್ಟಿರಿ ಎಂದು ಅಂಗಡಿಯಲ್ಲೇ ಕೇಳಲಿ.