ಮೈಮೇಲಿನ ಕಲೆ, ಮನದೊಳಗಿನ ಮೈಲಿಗೆ

'ಆರೋಗ್ಯವೇ ಭಾಗ್ಯ' ಎಂಬ ವಿಷಯವಾಗಿ ನಮ್ಮ ವಿದ್ಯಾರ್ಥಿಗಳು ಪ್ರತಿವರ್ಷವೂ ಪ್ರಬಂಧ ಬರೆಯುತ್ತಾರೆ. ನಾವೂ ಕೆಂಪು ಮಸಿಯಿಂದ ತಿದ್ದಿ ಅಂಕ ಕೊಡುತ್ತೇವೆ. ಆದರೆ ಆ ಭಾಗ್ಯ ತಪ್ಪಿದವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾವು ಎಂದೂ ಪಾಠವಾಗಿ ಹೇಳಿದವರಲ್ಲ. ಹೇಳಬೇಕಾದ ನಾವೇ ಅದನ್ನು ಒಬ್ಬ ವಿದ್ಯಾರ್ಥಿನಿಯಿಂದ ಕಲಿಯಬೇಕಾಗಿ ಬಂದಿತು. ಆ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಿರುಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳು ಮುಚ್ಚಿಕೊಂಡೇ ಶಾಲೆಗೆ ಬರುತ್ತಿದ್ದಳು. ಒಂದು ದಿನ ಫಲಕದ ಮೇಲೆ ಬರೆಯಲು ಕೈ ಎತ್ತಿದಾಗ ತೋಳು ಸರಿಯಿತು. ಮೊಣಕೈಯ ಮೇಲೆ ಕೆಂಪು ಕಲೆ. ಅದರ ಮೇಲೆ ಬೆಳ್ಳಿಯಂಥ ಹೊಟ್ಟು. ಮರುದಿನವೇ ಆಕೆಯ ಪಕ್ಕದವಳು ಬೇರೆ ಬೆಂಚಿಗೆ ಹೋದಳು. ಇಬ್ಬರು ತಾಯಂದಿರು ಬಂದು ದೂರಿದರು. ನಾವು ಏನು ಮಾಡಿದೆವು? ಯಾರನ್ನೂ ಕೇಳಲಿಲ್ಲ, ತಿಳಿಯಲಿಲ್ಲ. 'ಉಳಿದ ಮಕ್ಕಳ ಹಿತಕ್ಕಾಗಿ' ಎಂದುಕೊಂಡು ಆಕೆಯನ್ನು ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದೆವು. ವಾರದೊಳಗೆ ಆಕೆ ಶಾಲೆ ಬಿಟ್ಟಳು.

ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವ ಆಕೆಯ ತಂದೆ ಒಂದು ಸಂಜೆ ನಮ್ಮನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಮಿರಜಿನ ದವಾಖಾನೆಯ ಚೀಟಿ. "ಗುರುಗಳ, ಇದು ಅಂಟೂ ಜಡ್ಡ ಅಲ್ಲಂತ್ರಿ. ಡಾಕ್ಟರು ಬರದ ಕೊಟ್ಟಾರ. ನೀವs ಓದಿ ನೋಡ್ರಿ" ಎಂದರು. ಜಗಳಕ್ಕೆ ಬಂದಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಚೀಟಿಯಲ್ಲಿದ್ದ ಹೆಸರು ಸೋರಿಯಾಸಿಸ್. ಆಮೇಲೆ ನಾವೇ ಮಿರಜಿಗೆ ಹೋಗಿ ಚರ್ಮರೋಗದ ವೈದ್ಯರನ್ನು ಕಂಡು ತಿಳಿದುಕೊಂಡೆವು. ನಮ್ಮ ರಕ್ತದಲ್ಲಿ ಬಿಳಿಯ ಕಣಗಳಿವೆ. ಅವು ದೇಹದ ಕಾವಲುಗಾರರು. ಹೊರಗಿನಿಂದ ರೋಗಾಣು ನುಗ್ಗಿದರೆ ಅವು ಹೋರಾಡುತ್ತವೆ. ಆ ಹೋರಾಟದಲ್ಲಿ ಆ ಜಾಗ ಕೆಂಪಾಗಿ, ಬಿಸಿಯಾಗಿ ಬಾಯುತ್ತದೆ. ಇದಕ್ಕೆ ಉರಿಯೂತ ಎನ್ನುತ್ತಾರೆ. ಗಾಯ ಮಾಗಿದೊಡನೆ ಹೋರಾಟ ನಿಲ್ಲಬೇಕು. ಸೋರಿಯಾಸಿಸ್‌ನಲ್ಲಿ ಅದು ನಿಲ್ಲುವುದಿಲ್ಲ. ಶತ್ರುವೇ ಇಲ್ಲದ ಕಡೆ ಕಾವಲುಗಾರರು ಸ್ವಂತ ಚರ್ಮದ ಮೇಲೆಯೇ ಬೀಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಸಾಮಾನ್ಯವಾಗಿ ನಮ್ಮ ಮೇಲ್ಚರ್ಮ ಹೊಸದಾಗಲು ಸುಮಾರು 28 ದಿನ ಬೇಕು. ಈ ರೋಗದಲ್ಲಿ ಕಾವಲುಗಾರರ ಪ್ರಚೋದನೆಯಿಂದ ಮೂರರಿಂದ ಐದು ದಿನಗಳಲ್ಲೇ ಹೊಸ ಚರ್ಮ ಮೇಲೆ ನೂಕಿಕೊಂಡು ಬರುತ್ತದೆ. ಹಳೆಯದು ಉದುರಲು ವೇಳೆಯೇ ಸಿಗದೆ ಪದರಪದರವಾಗಿ ಹೊಟ್ಟುಗಟ್ಟುತ್ತದೆ. ತಪ್ಪು ಇರುವುದು ಒಳಗಿನ ಕಾವಲಿನಲ್ಲಿ. ಹೊರಗಿನ ಕ್ರಿಮಿಯಲ್ಲಿ ಅಲ್ಲ. ಕ್ರಿಮಿಯೇ ಇಲ್ಲದ ಮೇಲೆ ಅದು ಒಬ್ಬರಿಂದ ಒಬ್ಬರಿಗೆ ದಾಟುವುದಾದರೂ ಹೇಗೆ?

ಕೆಲವು ಮನೆತನಗಳಲ್ಲಿ ಈ ಗುಣ ವಂಶದಿಂದ ಬರುತ್ತದೆ. ಗಂಟಲುಬೇನೆ, ಮನಸ್ಸಿನ ಚಿಂತೆ, ಚರ್ಮಕ್ಕಾದ ಪೆಟ್ಟು, ಒಣಚಳಿ ಇವು ಅದನ್ನು ಕೆಣಕುತ್ತವೆ. ಚಿಂತೆ ಕೆಣಕುತ್ತದೆ ಎಂದು ಕೇಳಿದಾಗ ನಮಗೆ ಆ ಕೊನೆಯ ಬೆಂಚು ನೆನಪಾಯಿತು. ರೋಗವನ್ನು ನಾವು ಕೊಟ್ಟಿರಲಿಲ್ಲ ನಿಜ. ಅದಕ್ಕೆ ಎಣ್ಣೆ ಹೊಯ್ದವರಲ್ಲಿ ನಾವೂ ಒಬ್ಬರು.

ನಾವು ಕನ್ನಡ ಕಲಿಸುವವರು. ಆದ್ದರಿಂದ ಶಬ್ದಗಳ ಬಗ್ಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಎರಡರಲ್ಲೂ ಜನ ಚರ್ಮದ ಮೇಲೆ ಏನು ಕಂಡರೂ ಗಜಕರ್ಣ ಎನ್ನುತ್ತಾರೆ, ಇಲ್ಲವೇ ದನಿ ತಗ್ಗಿಸಿ ಕುಷ್ಠ ಎನ್ನುತ್ತಾರೆ. ಗಜಕರ್ಣ ಬೂಷ್ಟಿನಿಂದ ಬರುವುದು, ಅಂಟುವುದು. ಸೋರಿಯಾಸಿಸ್, ತೊನ್ನು, ಇಸುಬು ಅಂಟುವುದಿಲ್ಲ. ಹೆಸರು ತಪ್ಪಿದರೆ ನಡತೆಯೂ ತಪ್ಪುತ್ತದೆ. ಯುರೋಪಿನಲ್ಲಿಯೂ ಬಹುಕಾಲ ಹೀಗೆಯೇ ಇತ್ತು. ಸೋರಿಯಾಸಿಸ್ ಆದವರನ್ನೂ ಕುಷ್ಠರೋಗಿಗಳೆಂದು ದೂರವಿಟ್ಟಿದ್ದರು. ಇವೆರಡೂ ಬೇರೆ ಬೇರೆ ರೋಗಗಳೆಂದು 1841ರಲ್ಲಿ ವಿಯೆನ್ನಾದ ವೈದ್ಯ ಹೆಬ್ರಾ ಸ್ಪಷ್ಟಪಡಿಸಿದರು. 2014ರಲ್ಲಿ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ ಅಂಟುರೋಗವಲ್ಲವೆಂದು ಠರಾವಿನಲ್ಲಿಯೇ ಹೇಳಿ, ರೋಗಿಗಳನ್ನು ಹೀನಾಯವಾಗಿ ಕಾಣುವುದರ ವಿರುದ್ಧ ಜನಜಾಗೃತಿ ಮಾಡಲು ರಾಷ್ಟ್ರಗಳಿಗೆ ಕರೆಕೊಟ್ಟಿತು.

ಹಾಗಾದರೆ ಕುಷ್ಠರೋಗಿಯನ್ನು ದೂರವಿಡಬಹುದೇ? ಅದೂ ಸಲ್ಲದು. 1894ರಲ್ಲಿ ಡಾ. ವಾನ್ಲೆಸ್ ಆಸ್ಪತ್ರೆ ತೆರೆದ ಮಿರಜು ನಮ್ಮದು. ಕುಷ್ಠರೋಗಿಗಳಿಗೂ ಇಲ್ಲಿ ಆಸ್ಪತ್ರೆಯಾಯಿತು. ಅಂಥ ಊರಿನ ನೆರಳಿನಲ್ಲಿ ಬೆಳೆದ ನಮಗೆ ಇಷ್ಟಾದರೂ ತಿಳಿದಿರಬೇಕು: ಕುಷ್ಠದ ರೋಗಾಣುವನ್ನು ಬಹುಪಾಲು ಜನರ ನಿರೋಧಶಕ್ತಿಯೇ ತಡೆಯುತ್ತದೆ; ಔಷಧ ಆರಂಭಿಸಿದ ರೋಗಿಯಿಂದ ಅದು ಹರಡುವ ಭಯ ಬೇಗನೆ ಇಲ್ಲವಾಗುತ್ತದೆ; ಪೂರ್ತಿ ಔಷಧ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ಆ ಔಷಧ ಸರಕಾರಿ ದವಾಖಾನೆಗಳಲ್ಲಿ ಉಚಿತ.

ಇನ್ನು ಪಾಲಕರಲ್ಲಿ ಕೆಲವು ಮಾತು. ಆ ಹುಡುಗಿಯ ಮನೆಯವರು ದವಾಖಾನೆಗೆ ಬರುವ ಮುನ್ನ ಎರಡು ವರ್ಷ ಕಳೆದಿದ್ದರು. ಮೊದಲು ಸರ್ಪದೋಷವೆಂದರು, ಹರಕೆ ಹೊತ್ತರು. ಅರಿಶಿನ ಬಳಿದರು. ನಮ್ಮ ಸಾಂಗಲಿಯ ಅರಿಶಿನಕ್ಕೆ ದೊಡ್ಡ ಹೆಸರಿದೆ. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಅಡುಗೆಗೂ ಶುಭಕಾರ್ಯಕ್ಕೂ ಅದು ಬೇಕು. ಆದರೆ ಒಳಗಿನ ಕಾವಲು ದಾರಿ ತಪ್ಪಿದಾಗ ಹೊರಗೆ ಅರಿಶಿನ ಹಚ್ಚಿ ಕೂತರೆ ಕಾಲ ಮಾತ್ರ ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು, ಯಾರೋ ಹೇಳಿದರೆಂದು ಅಂಗಡಿಯಿಂದ ಸ್ಟಿರಾಯ್ಡ್ ಮುಲಾಮು, ಗುಳಿಗೆ ತರುವುದು. ನಾಲ್ಕು ದಿನ ಕಲೆ ಮಾಯವಾಗುತ್ತದೆ, ಮನೆಮಂದಿ ಹಿಗ್ಗುತ್ತಾರೆ. ಗುಳಿಗೆ ಥಟ್ಟನೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಉಗ್ರವಾಗಿ ತಿರುಗಿ ಬರಬಹುದು. ಯಾವ ಔಷಧ, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು.

ಬೇರುಸಹಿತ ಕೀಳುವ ಔಷಧ ಈ ರೋಗಕ್ಕೆ ಇನ್ನೂ ದೊರೆತಿಲ್ಲ. ಹತೋಟಿಯಲ್ಲಿಡುವ ಉಪಾಯಗಳು ಬೇಕಾದಷ್ಟಿವೆ. ಹಚ್ಚುವ ಮುಲಾಮುಗಳಿವೆ, ನೇರಳಾತೀತ ಕಿರಣದ ಚಿಕಿತ್ಸೆಯಿದೆ, ಕಾವಲುಗಾರರ ಅತಿರೇಕವನ್ನು ತಗ್ಗಿಸುವ ಗುಳಿಗೆ, ಸೂಜಿಮದ್ದುಗಳಿವೆ. ಅಂಥ ಒಂದು ಹೊಸ ಬಗೆಯ ಸೂಜಿಮದ್ದನ್ನು 2013ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ ಭಾರತದಲ್ಲಿ ಬಿಡುಗಡೆ ಮಾಡಿತು. ಕೆಲವರಿಗೆ ಕೀಲುನೋವೂ ಜೊತೆಗೂಡುವುದುಂಟು. ಅದನ್ನು ಮುಚ್ಚಿಡದೆ ಬೇಗ ತೋರಿಸಬೇಕು. ಮುಚ್ಚಿಡುವುದೇಕೆ? ಜನ ಏನೆಂದಾರೋ ಎಂಬ ಅಂಜಿಕೆಗೆ. ಆದ್ದರಿಂದ ಜನರ ನಾಲಿಗೆ ಸುಮ್ಮನಾದರೆ ಅರ್ಧ ಚಿಕಿತ್ಸೆ ಆದಂತೆಯೇ ಎಂಬುದು ನಮ್ಮ ಅಭಿಪ್ರಾಯ.

ನಾವು ಆ ಹುಡುಗಿಯ ಮನೆಗೆ ಹೋಗಿ ಕರೆತಂದೆವು. ಇಡೀ ತರಗತಿಯ ಎದುರು, ತಪ್ಪು ನಮ್ಮದೆಂದು ಹೇಳಿದೆವು. ಆ ದಿನ ವ್ಯಾಕರಣದ ಪಾಠ ಬಿಟ್ಟು, ವೈದ್ಯರಿಂದ ತಿಳಿದದ್ದನ್ನು ಮಕ್ಕಳಿಗೆ ವಿವರಿಸಿದೆವು. ಮೊದಲು ಎದ್ದುಹೋಗಿದ್ದವಳೇ ತಾನಾಗಿ ಬಂದು ಪಕ್ಕದಲ್ಲಿ ಕುಳಿತಳು. ಆಕೆಗೆ ಚಳಿಗಾಲದಲ್ಲಿ ಈಗಲೂ ಕಲೆಗಳು ಮರುಕಳಿಸುತ್ತವೆ; ಆದರೆ ಹತ್ತನೆಯ ತರಗತಿಯನ್ನು ಮುಗಿಸುವವರೆಗೆ ಒಂದು ದಿನವೂ ಆ ಕಾರಣಕ್ಕೆ ಶಾಲೆ ತಪ್ಪಿಸಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಜಗತ್ತಿನಲ್ಲಿ ಹತ್ತು ಕೋಟಿಯಷ್ಟು ಜನರಿಗೆ ಸೋರಿಯಾಸಿಸ್ ಇದೆಯೆಂದು ಅಂದಾಜು. ನಿಮ್ಮ ಬಸ್ಸಿನಲ್ಲಿ, ನಿಮ್ಮ ಓಣಿಯಲ್ಲಿ, ನಾಳೆ ನಿಮ್ಮ ಮನೆಯಲ್ಲಿಯೂ ಒಬ್ಬರು ಇದ್ದಾರು. ಆಗ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ, ಬುತ್ತಿ ಹಂಚಿಕೊಂಡು ಉಣ್ಣಿರಿ. 'ಆರೋಗ್ಯವೇ ಭಾಗ್ಯ' ಎಂಬ ಪ್ರಬಂಧವನ್ನು ಮುಂದಿನ ಸಲ ಬರೆಯುವಾಗ ಈ ಮಾತನ್ನೂ ಸೇರಿಸಿರಿ. ನಾವು ಸಂತೋಷದಿಂದ ಅಂಕ ಕೊಡುತ್ತೇವೆ.