ಕಲಾದಾನ್ ದಾರಿ ಯಾರ ಕೈಯಲ್ಲಿದೆ?

ಮಾನ್ಯ ವಿದೇಶಾಂಗ ಸಚಿವರಾದ ಶ್ರೀ ಎಸ್. ಜೈಶಂಕರ್ ಅವರಿಗೆ,

ಮ್ಯಾನ್ಮಾರ್‌ನ ನೆಲ ಈಗ ಯಾರ ಹಿಡಿತದಲ್ಲಿದೆಯೋ ಅವರೊಂದಿಗೆ ಭಾರತ ಬಹಿರಂಗವಾಗಿ ಮಾತುಕತೆಗೆ ಕೂರಬೇಕು ಎಂದು ಕೇಳಲು ಈ ಪತ್ರ.

ಕಲಾದಾನ್ ಯೋಜನೆಯನ್ನೇ ನೋಡಿ. ಒಪ್ಪಂದವಾಗಿದ್ದು 2008ರಲ್ಲಿ. ಕೋಲ್ಕತ್ತಾದಿಂದ ಹಡಗಿನಲ್ಲಿ ಮ್ಯಾನ್ಮಾರ್‌ನ ಸಿಟ್ವೆ ಬಂದರು, ಅಲ್ಲಿಂದ ನದಿಯಲ್ಲಿ ಪಲೆತ್ವಾ, ಮುಂದೆ ರಸ್ತೆಯಲ್ಲಿ ಮಿಜೋರಾಂನ ಜೊರಿನ್‌ಪುಯಿ. ಸಿಲಿಗುರಿಯ ಇಕ್ಕಟ್ಟಾದ ದಾರಿಯನ್ನೇ ನೆಚ್ಚಿಕೊಂಡ ಈಶಾನ್ಯಕ್ಕೆ ಇದು ಎರಡನೆಯ ಬಾಗಿಲಾಗಬೇಕಿತ್ತು. 2023ರ ಮೇ ತಿಂಗಳಲ್ಲಿ ಸಿಟ್ವೆ ಬಂದರು ಉದ್ಘಾಟನೆಯಾಯಿತು. ವರ್ಷ ತುಂಬುವ ಮೊದಲೇ, 2024ರ ಜನವರಿಯಲ್ಲಿ, ಪಲೆತ್ವಾ ಅರಾಕಾನ್ ಆರ್ಮಿ ಎಂಬ ಬಂಡುಕೋರ ಪಡೆಯ ವಶವಾಯಿತು. ಆ ವರ್ಷದ ಕೊನೆಗೆ ಸಿಟ್ವೆ ಇರುವ ರಾಜ್ಯವಾದ ರಖೈನ್‌ನ 17 ಟೌನ್‌ಶಿಪ್‌ಗಳಲ್ಲಿ 14 ಅವರ ಪಾಲಾದವು. ಬಂದರು ಮ್ಯಾನ್ಮಾರ್ ಸೇನೆಯದು, ಮೇಲಿನ ನದಿ, ರಸ್ತೆ ಬಂಡುಕೋರರದು. ರಾಜಧಾನಿ ನೇಪಿಡಾ ಒಪ್ಪಿದರೆ ಲಾರಿ ಓಡುವ ಕಾಲ ಮುಗಿಯಿತು. ಇದನ್ನು ಮೊದಲು ಅರಿತವರು ಮಿಜೋರಾಂನವರು: ರಾಜ್ಯಸಭಾ ಸದಸ್ಯ ಕೆ. ವನ್ಲಲ್ವೇನಾ 2024ರಲ್ಲೇ ಗಡಿ ದಾಟಿ ಅರಾಕಾನ್ ಆರ್ಮಿಯವರನ್ನು ಕಂಡು ಬಂದರು. ಆ ಕೆಲಸ ನಿಮ್ಮ ಸಚಿವಾಲಯದ್ದಲ್ಲವೇ?

ಚೀನಾ ಮ್ಯಾನ್ಮಾರ್ ಸೇನೆಯ ಜತೆಗೂ ಇದೆ, ಸಶಸ್ತ್ರ ಗುಂಪುಗಳನ್ನು ಕುನ್‌ಮಿಂಗ್‌ಗೆ ಕರೆಸಿ ಕದನವಿರಾಮಕ್ಕೂ ಒಪ್ಪಿಸುತ್ತದೆ. ಬಂಗಾಳ ಕೊಲ್ಲಿಯಿಂದ ಯುನ್ನಾನ್‌ಗೆ ಹೋಗುವ ತನ್ನ ತೈಲ, ಅನಿಲದ ಕೊಳವೆಗಳನ್ನು ಅದು ಕಾಯ್ದುಕೊಂಡಿದೆ. ಅದರ ಬಳಿ ಇರುವುದು ಹಣ ಮತ್ತು ಒತ್ತಡ. ನಮ್ಮ ಬಳಿ ನಂಟಿದೆ, ಅದನ್ನೇ ನಾವು ಕಳೆದುಕೊಳ್ಳುತ್ತಿದ್ದೇವೆ.

ಜೋಖಾವ್ತರ್‌ನಲ್ಲಿ ಗಡಿಯ ತಿಯಾವು ಹೊಳೆಯ ಈಚೆ ಮಿಜೋಗಳು, ಆಚೆ ಮ್ಯಾನ್ಮಾರ್‌ನ ಚಿನ್ ಜನ. ಭಾಷೆ, ಚರ್ಚು, ಮದುವೆ ಎಲ್ಲದರಲ್ಲೂ ಬಳಗದವರು. 2021ರ ಫೆಬ್ರುವರಿಯ ಸೇನಾ ದಂಗೆಯ ಬಳಿಕ ಪ್ರಾಣ ಉಳಿಸಿಕೊಂಡು ಈ ಹೊಳೆ ದಾಟಿದವರನ್ನು ತಡೆಯಿರಿ ಎಂದು ದೆಹಲಿ ಸೂಚಿಸಿತು. ಮಿಜೋರಾಂ ಕೇಳಲಿಲ್ಲ. ಊರವರು, ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಷನ್ ಹುಡುಗರು ಅಕ್ಕಿ ಒಟ್ಟುಮಾಡಿದರು, ಬಿದಿರು ಕಡಿದು ಗುಡಿಸಲು ಕಟ್ಟಿಕೊಟ್ಟರು. ಹೀಗೆ ನೆಲೆ ಕಂಡವರು 30,000ಕ್ಕೂ ಹೆಚ್ಚು. ಭಾರತದ ಬಗ್ಗೆ ಆ ಬೆಟ್ಟಗಳಲ್ಲಿ ಉಳಿದಿರುವ ವಿಶ್ವಾಸ ಈ ಬಡ ಮನೆಗಳ ಗಳಿಕೆ. 2024ರಲ್ಲಿ ಕೇಂದ್ರವು ಗಡಿಯ ಜನ ವೀಸಾ ಇಲ್ಲದೆ ದಾಟಲು ಇದ್ದ ಮುಕ್ತ ಸಂಚಾರ ವ್ಯವಸ್ಥೆಯನ್ನು ಕೈಬಿಡುವುದಾಗಿ, 1,643 ಕಿ.ಮೀ. ಗಡಿಗೆ ಬೇಲಿ ಹಾಕುವುದಾಗಿ ಘೋಷಿಸಿತು. ಮಾದಕವಸ್ತು, ಬಂದೂಕುಗಳ ಭಯ ನಿಜ; ಮಣಿಪುರದ ಜನಾಂಗೀಯ ಹಿಂಸೆಯ ನೋವೂ ನಿಜ. ಆದರೆ ಕಳ್ಳಸಾಗಣೆಗಾರನನ್ನು ಗುರುತಿಸಿಕೊಡಬೇಕಾದ ಹಳ್ಳಿಗನನ್ನೇ ದೂರ ಮಾಡಿಕೊಂಡರೆ ಗಡಿಯ ಸುದ್ದಿ ನಮಗೆ ಯಾರು ಮುಟ್ಟಿಸುತ್ತಾರೆ?

ಅರಾಕಾನ್ ಆರ್ಮಿ ಮತ್ತು ಚಿನ್ ಗುಂಪುಗಳ ಜತೆ ಮಾತಾಡಲು ಒಬ್ಬ ವಿಶೇಷ ಪ್ರತಿನಿಧಿಯನ್ನು ನೇಮಿಸಿ. ರಖೈನ್‌ನಲ್ಲಿರುವ ರೋಹಿಂಗ್ಯಾ ಮುಸ್ಲಿಮರ ಸುರಕ್ಷತೆಯ ಪ್ರಶ್ನೆಯನ್ನು ಆ ಮಾತುಕತೆಯಲ್ಲಿ ಮೊದಲಿಗೇ ಎತ್ತಿ. ಪಲೆತ್ವಾಗೆ ಮಿಜೋರಾಂ ಮೂಲಕ ಔಷಧಿ, ಉಪ್ಪು, ಅಕ್ಕಿ ತಡೆಯಿಲ್ಲದೆ ಹೋಗುವಂತೆ ನೋಡಿಕೊಳ್ಳಿ. ನಿರಾಶ್ರಿತರಿಗೆ ಕೆಲಸಕ್ಕೂ ಮಕ್ಕಳ ಶಾಲೆಗೂ ಆಗುವಂಥ ಗುರುತಿನ ಚೀಟಿ ಕೊಡಿಸಿ. ಇವುಗಳಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ ಎಂಬುದನ್ನು ಮುಂದಿನ ಅಧಿವೇಶನದಲ್ಲಿ ಸಂಸತ್ತಿಗೆ ತಿಳಿಸಿ.

ಇಂತಿ,
ಒಬ್ಬ ನಾಗರಿಕ