ಗಿಡಕ್ಕೆ ದೀಪ ಕೊಳ್ಳುವ ಮುನ್ನ

ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಸೀಮೆಯಲ್ಲಿ ಹಗಲು ಕಿರಿದಾಗುವ ತಿಂಗಳುಗಳಲ್ಲಿ ರಾತ್ರಿ ಪ್ರಯಾಣ ಮಾಡುವವರಿಗೆ ಒಂದು ವಿಶೇಷ ನೋಟ ಕಾಣಸಿಗುವುದುಂಟು. ಊರೆಲ್ಲ ಮಲಗಿರುವ ಹೊತ್ತಿನಲ್ಲಿ ಸೇವಂತಿಗೆಯ ಹೊಲಗಳಲ್ಲಿ ಸಾಲುಸಾಲಾಗಿ ಎಲ್‌ಇಡಿ ಬಲ್ಬುಗಳು ಬೆಳಗುತ್ತಿರುತ್ತವೆ. ಅದು ಜಾತ್ರೆಯ ಅಲಂಕಾರವಲ್ಲ, ಕಳ್ಳರ ಭಯದ ಕಾವಲೂ ಅಲ್ಲ. ಗಿಡಗಳಿಗಾಗಿಯೇ ಹಚ್ಚಿಟ್ಟ ದೀಪಗಳು. ಇತ್ತ ಮನೆಯ ಕೋಣೆಯೊಂದರಲ್ಲಿ ಬೆಳ್ಳಿಬಣ್ಣದ ಒಳಮೈಯುಳ್ಳ ಬಟ್ಟೆಯ ಗುಡಾರವನ್ನು ನಿಲ್ಲಿಸಿ, ಅದರೊಳಗೆ ಎಲ್‌ಇಡಿ ಫಲಕವನ್ನು ತೂಗಹಾಕಿ, ಲೆಟ್ಯೂಸ್ ಮೊದಲಾದ ಸೊಪ್ಪುಗಳನ್ನು ಬೆಳೆಯಬೇಕೆನ್ನುವ ಉತ್ಸಾಹಿಗಳೂ ಇದ್ದಾರೆ. ಭೌತವಿಜ್ಞಾನದ ಉಪಾಧ್ಯಾಯರೆಂಬ ಕಾರಣಕ್ಕೆ ಅಂಥವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಯಾವ ದೀಪವನ್ನು ಕೊಳ್ಳಬೇಕು?”

ಆ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆಯೆಂದು ನಮ್ಮ ಅಭಿಪ್ರಾಯ. ಆ ದೀಪದಿಂದ ಗಿಡಕ್ಕೆ ಆಗಬೇಕಾದ ಕೆಲಸವೇನು? ಬೆಳಕು ಗಿಡಕ್ಕೆ ಸುದ್ದಿಯೂ ಹೌದು, ಅನ್ನವೂ ಹೌದು. ಸುದ್ದಿ ಹೇಳಲು ಬೇಕಾದ ಬೆಳಕು ಅತ್ಯಲ್ಪ. ಅನ್ನವಾಗಲು ಬೇಕಾದ ಬೆಳಕು ಅಪಾರ. ಇವೆರಡನ್ನು ಒಂದೇ ಎಂದು ಭಾವಿಸಿದರೆ ಹಣ ಪೋಲಾಗುವುದು ನಿಶ್ಚಯ.

ಮೊದಲು ಸೇವಂತಿಗೆಯ ಮಾತನ್ನು ನೋಡೋಣ. ಹಗಲಿನ ಉದ್ದವು ಗಿಡಗಳ ಹೂಬಿಡುವ ಕಾಲವನ್ನು ಗೊತ್ತುಮಾಡುತ್ತದೆಯೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಇನ್ನೊಂದು ಸಂಗತಿಯನ್ನು ತೋರಿಸಿದರು. ಇಂಥ ಗಿಡಗಳು ನಿಜವಾಗಿ ಅಳೆಯುವುದು ಎಡೆಬಿಡದ ಇರುಳಿನ ಉದ್ದವನ್ನು. ದೀರ್ಘವಾದ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೆ, ಗಿಡವು ಆ ಇರುಳನ್ನು ಎರಡು ಸಣ್ಣ ಇರುಳುಗಳೆಂದು ಎಣಿಸಿಬಿಡುತ್ತದೆ. ಸೇವಂತಿಗೆ ಉದ್ದ ಇರುಳಿನಲ್ಲಿ ಮೊಗ್ಗು ತಳೆಯುವ ಗಿಡ. ನಮ್ಮ ಸೀಮೆ ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿರುವುದರಿಂದ ಇಲ್ಲಿ ಅತಿ ಉದ್ದದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಆ ಅಂತರವೂ ಗಿಡಕ್ಕೆ ತಿಳಿಯುತ್ತದೆ. ಗಿಡ ಎತ್ತರವಾಗಿ ಬೆಳೆಯುವ ಮೊದಲೇ ಮೊಗ್ಗೊಡೆಯದಂತೆ ತಡೆಯಲೂ, ಹೂವು ಹಬ್ಬದ ಪೇಟೆಗೆ ಸರಿಯಾಗಿ ಕೈಸೇರುವಂತೆ ಮಾಡಲೂ ರೈತರು ದೀಪ ಹಚ್ಚುತ್ತಾರೆ.

ಈ ಸುದ್ದಿಯನ್ನು ಗ್ರಹಿಸುವುದು ಎಲೆಯಲ್ಲಿರುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯ. ಅದು ಸುಮಾರು 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕಿಗೆ ಹೆಚ್ಚಾಗಿ ಓಗೊಡುತ್ತದೆ. ಮಧ್ಯಾಹ್ನದ ಬಿಸಿಲಿನ ಸಾವಿರದಲ್ಲೊಂದು ಪಾಲಿನಷ್ಟು ಬೆಳಕು ಸಿಕ್ಕಿದರೂ ಅದಕ್ಕೆ ಸಾಕು. ಆದುದರಿಂದ ಈ ಕೆಲಸಕ್ಕೆ ದುಬಾರಿ ದೀಪ ಬೇಕಾಗಿಲ್ಲ. ಕೆಂಪಿನ ಅಂಶವುಳ್ಳ, ಹಳದಿಛಾಯೆಯ ಸಾಮಾನ್ಯ ಎಲ್‌ಇಡಿ ಬಲ್ಬು ಈ ಕೆಲಸವನ್ನು ಮಾಡಬಲ್ಲುದು. ಹಿಂದೆ 60 ವ್ಯಾಟಿನ ತಂತಿಬಲ್ಬನ್ನು ಹಚ್ಚುತ್ತಿದ್ದ ಕಡೆ ಈಗ 9 ವ್ಯಾಟಿನ ಬಲ್ಬನ್ನು ಹಚ್ಚಿದರೆ ಆಗುವ ಉಳಿತಾಯವನ್ನು ರೈತರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಮಳೆನೀರು ಹೋಗದಂಥ ಹಿಡಿಕೆ, ಗಟ್ಟಿಯಾದ ತಂತಿ, ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸುವ ಟೈಮರ್, ಇಷ್ಟರ ಮೇಲೆ ಗಮನವಿಟ್ಟರೆ ಸಾಕು. ಮೊಗ್ಗು ಬೇಕೆಂದಾಗ ಕತ್ತಲೆಯನ್ನು ಕತ್ತಲೆಯಾಗಿಯೇ ಉಳಿಸಬೇಕೆಂಬುದನ್ನೂ ಮರೆಯಬಾರದು.

ಗುಡಾರದ ವಿಷಯ ಹೀಗಲ್ಲ. ಅಲ್ಲಿ ಸೂರ್ಯನಿಗೆ ಪ್ರವೇಶವಿಲ್ಲ. ಗಿಡದ ಅನ್ನವೆಲ್ಲ ದೀಪದಿಂದಲೇ ಬರಬೇಕು. ಅನ್ನವನ್ನು ಅಳೆಯುವ ಕ್ರಮ ಯಾವುದು? ಮನೆದೀಪದ ಡಬ್ಬಿಯ ಮೇಲೆ ‘ಲೂಮೆನ್’ ಎಂದು ಅಚ್ಚಾಗಿರುತ್ತದೆ. ಲೂಮೆನ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣು 555 ನ್ಯಾನೊಮೀಟರಿನ ಹಸುರುಬೆಳಕನ್ನು ಅತಿ ಚೆನ್ನಾಗಿ ಕಾಣುತ್ತದೆ, ಕೆಂಪು ನೀಲಿಗಳನ್ನು ಮಂದವಾಗಿ ಕಾಣುತ್ತದೆ. ಗಿಡಕ್ಕೆ ಕಣ್ಣಿಲ್ಲ. ಅದು 400ರಿಂದ 700 ನ್ಯಾನೊಮೀಟರುಗಳ ನಡುವಿನ ಬೆಳಕಿನ ಕಣಗಳನ್ನು, ಅಂದರೆ ಫೋಟಾನುಗಳನ್ನು, ಒಂದೊಂದಾಗಿ ಹಿಡಿದು ಸಕ್ಕರೆಯನ್ನು ತಯಾರಿಸುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಲೆಕ್ಕಕ್ಕೆ ಬರುವುದು ಫೋಟಾನುಗಳ ಎಣಿಕೆ.

ಈ ಎಣಿಕೆಗೆ ಮೋಲ್ ಎಂಬ ದೊಡ್ಡ ಕೊಳಗವನ್ನು ಬಳಸುತ್ತಾರೆ. ಒಂದು ಮೋಲ್ ಎಂದರೆ 6ರ ಮುಂದೆ 23 ಸೊನ್ನೆ ಬರೆದಷ್ಟು ಕಣಗಳು; ಅದರ ಹತ್ತುಲಕ್ಷದಲ್ಲೊಂದು ಪಾಲು ಮೈಕ್ರೊಮೋಲ್. ಶುಭ್ರವಾದ ಆಕಾಶದ ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್ ಫೋಟಾನುಗಳು ಬೀಳುತ್ತವೆ. ಲೆಟ್ಯೂಸಿನಂಥ ಸೊಪ್ಪಿಗೆ ದಿನವೊಂದಕ್ಕೆ ಚದರ ಮೀಟರಿಗೆ 12ರಿಂದ 17 ಮೋಲ್ ಬೇಕು. ಟೊಮೇಟೊ 20ಕ್ಕಿಂತಲೂ ಹೆಚ್ಚನ್ನು ಬೇಡುತ್ತದೆ.

ಇನ್ನು ದೀಪದ ಮಾತು. ಒಳ್ಳೆಯ ಎಲ್‌ಇಡಿ ಫಲಕವು ಒಂದು ಜೂಲ್ ವಿದ್ಯುತ್ತಿಗೆ ಸುಮಾರು 2.5 ಮೈಕ್ರೊಮೋಲ್ ಫೋಟಾನುಗಳನ್ನು ಕೊಡುತ್ತದೆ. ಇನ್ನೂ ಮೇಲ್ತರಗತಿಯವು 3ರ ಹತ್ತಿರ ಹೋಗುತ್ತವೆ. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಆದುದರಿಂದ ಒಂದು ಯೂನಿಟ್ ಸುಟ್ಟರೆ ದೊರೆಯುವುದು 9 ಮೋಲ್. ಈ 9 ಎಂಬ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಬಯಲಿನಲ್ಲಿ ವರ್ಷದ ಸರಾಸರಿಯನ್ನು ತೆಗೆದುಕೊಂಡರೆ ದಿನಕ್ಕೆ ಚದರ ಮೀಟರಿಗೆ ಸುಮಾರು 5 ಯೂನಿಟಿನಷ್ಟು ಸೌರಶಕ್ತಿ ಬೀಳುತ್ತದೆ. ಅದರಲ್ಲಿ ಗಿಡಕ್ಕೆ ಉಪಯೋಗವಾಗುವ ಭಾಗವನ್ನು ಎಣಿಸಿದರೆ ಸುಮಾರು 36 ಮೋಲ್ ಆಗುತ್ತದೆ. ಅಂದರೆ ಸೂರ್ಯನು ಪ್ರತಿಯೊಂದು ಚದರ ಮೀಟರಿಗೂ ದಿನಂಪ್ರತಿ ಬಿಟ್ಟಿಯಾಗಿ ಕೊಡುವ ಬೆಳಕನ್ನು ಒಳ್ಳೆಯ ದೀಪದಿಂದ ಪಡೆಯಬೇಕಾದರೆ 4 ಯೂನಿಟ್ ವಿದ್ಯುತ್ತು ಬೇಕು. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಒಂದೇ ಗುಂಟೆಯ ಮೇಲೆ ದಿನಕ್ಕೆ 400 ಯೂನಿಟ್ ವಿದ್ಯುತ್ತಿಗೆ ಸಮನಾದ ಬೆಳಕು ಸುಮ್ಮನೆ ಸುರಿಯುತ್ತಿದೆ! ಪಾಲಿಹೌಸಿನ ಹಾಳೆಯು ಅದರಲ್ಲಿ ಅರ್ಧವನ್ನೇ ತಡೆಯಿತೆಂದು ಭಾವಿಸಿದರೂ ಲೆಟ್ಯೂಸಿಗೆ ಬೇಕಾದುದಕ್ಕಿಂತ ಹೆಚ್ಚೇ ಉಳಿಯುತ್ತದೆ. ಬಯಲುಳ್ಳವರು ಸೂರ್ಯನನ್ನು ಹೊರಗೆ ನಿಲ್ಲಿಸಿ, ಕಿಟಕಿ ಮುಚ್ಚಿ, ದೀಪವನ್ನು ಹಣ ಕೊಟ್ಟು ತರುವುದು ವಿವೇಕವೇ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಗುಡಾರದೊಳಗೆ ನೊಣ, ಹುಳು, ಆಲಿಕಲ್ಲುಗಳ ಕಾಟವಿಲ್ಲ, ನೀರಿನ ಖರ್ಚು ಕಡಿಮೆ, ವರ್ಷವೆಲ್ಲ ಒಂದೇ ಸಮನಾಗಿ ಬೆಳೆಯಬಹುದು ಎಂದು ಕೆಲವರು ವಾದಿಸಬಹುದು. ಅದು ಸುಳ್ಳಲ್ಲ. ಆದರೆ ಈ ಅನುಕೂಲಗಳಲ್ಲಿ ಬಹುಪಾಲು ಬಲೆಯ ಮನೆ, ಪಾಲಿಹೌಸು, ಹನಿ ನೀರಾವರಿಗಳಿಂದಲೇ ದೊರೆಯುತ್ತವೆ, ಸೂರ್ಯನನ್ನು ಬಿಟ್ಟುಕೊಡದೆ. ಹಾಗಾದರೆ ಗುಡಾರ ಯಾರಿಗೆ ತಕ್ಕುದು? ಬಿಸಿಲು ಬೀಳದ ವಠಾರದ ಮನೆಯಲ್ಲಿ ಹವ್ಯಾಸಕ್ಕೆ ಬೆಳೆಯುವವರಿಗೆ, ಸಣ್ಣ ಜಾಗದಲ್ಲಿ ಸಾವಿರಾರು ಸಸಿಗಳನ್ನು ಒಂದೇ ಮಟ್ಟದಲ್ಲಿ ಎಬ್ಬಿಸಬೇಕಾದ ನರ್ಸರಿಯವರಿಗೆ, ಪ್ರಯೋಗ ಮಾಡುವವರಿಗೆ. ಅಂಗಾಂಶ ಕೃಷಿಯ ಪ್ರಯೋಗಶಾಲೆಗಳಿಗಂತೂ ಬಲ್ಬೇ ಸೂರ್ಯ. ಗಾಜಿನ ಸೀಸೆಯೊಳಗಿನ ಬಾಳೆಯ ಎಳೆಸಸಿಗೆ ಬೇಕಾಗುವುದು ಸೆಕೆಂಡಿಗೆ ಸುಮಾರು 50 ಮೈಕ್ರೊಮೋಲ್ ಮಾತ್ರ. ಅಲ್ಲಿ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ದೀಪ ಹಚ್ಚುವುದು ನ್ಯಾಯವಾಗಿಯೇ ಇದೆ.

ಇಂಥವರು ದೀಪವನ್ನು ಆರಿಸುವುದು ಹೇಗೆ? ಒಂದು ಚದರ ಮೀಟರಿನ ಗುಡಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಲೆಟ್ಯೂಸಿಗೆ ಸೆಕೆಂಡಿಗೆ 200 ಮೈಕ್ರೊಮೋಲಿನಂತೆ 16 ಗಂಟೆ ಬೆಳಕು ಕೊಟ್ಟರೆ ದಿನಕ್ಕೆ 11.5 ಮೋಲ್ ಆಗುತ್ತದೆ. ಕನಿಷ್ಠ ಅಗತ್ಯಕ್ಕೆ ಇದು ಹತ್ತಿರ. ದೀಪದಿಂದ ಹೊರಟ ಬೆಳಕಿನಲ್ಲಿ ನೂರಕ್ಕೆ 85 ಪಾಲು ಎಲೆಯನ್ನು ಮುಟ್ಟಿತೆಂದು ಇಟ್ಟುಕೊಂಡರೆ, ಜೂಲಿಗೆ 2.5 ಮೈಕ್ರೊಮೋಲ್ ಕೊಡುವ ಫಲಕಕ್ಕೆ 94 ವ್ಯಾಟ್ ಬೇಕು. ತಿಂಗಳಿಗೆ 45 ಯೂನಿಟ್. ಜೂಲಿಗೆ 1.2 ಮೈಕ್ರೊಮೋಲ್ ಮಾತ್ರ ಕೊಡುವ ಅಗ್ಗದ ಫಲಕಕ್ಕೆ 196 ವ್ಯಾಟ್ ಬೇಕು. ತಿಂಗಳಿಗೆ 94 ಯೂನಿಟ್. ಯೂನಿಟಿಗೆ 7 ರೂಪಾಯಿ ಎಂದು ಹಿಡಿದರೆ ಮೊದಲನೆಯದಕ್ಕೆ 315 ರೂಪಾಯಿ, ಎರಡನೆಯದಕ್ಕೆ 658 ರೂಪಾಯಿ. ಬೆಳೆ ಒಂದೇ, ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿಗೂ ಮೀರಿದ ವ್ಯತ್ಯಾಸ! ಅಗ್ಗದ ದೀಪ ದುಬಾರಿಯಾಗುವುದು ಹೀಗೆ.

ಶಾಖದ ಲೆಕ್ಕವೂ ಇದರೊಡನೆಯೇ ಇದೆ. ದೀಪ ಹೀರಿದ ವಿದ್ಯುತ್ತೆಲ್ಲ ಬಹುಮಟ್ಟಿಗೆ ಗುಡಾರದೊಳಗೆ ಶಾಖವಾಗಿಯೇ ಕೊನೆಗಾಣುತ್ತದೆ. 94 ವ್ಯಾಟ್ ಎಂದರೆ ಸುಮ್ಮನೆ ಕುಳಿತಿರುವ ಒಬ್ಬ ಮನುಷ್ಯನ ಮೈಶಾಖದಷ್ಟು. 196 ವ್ಯಾಟ್ ಎಂದರೆ ಇಬ್ಬರು ಒಳಗೆ ಕುಳಿತ ಹಾಗೆ. ಏಪ್ರಿಲ್ ತಿಂಗಳ ನಮ್ಮ ಬೇಸಗೆಯಲ್ಲಿ ಲೆಟ್ಯೂಸಿಗೆ ಇದು ಸಣ್ಣ ತೊಂದರೆಯಲ್ಲ. ದೀಪವನ್ನು ರಾತ್ರಿಯ ತಂಪಿನಲ್ಲಿ ಹಚ್ಚಿ, ನಡುಹಗಲಿನಲ್ಲಿ ಆರಿಸುವುದು ಜಾಣತನ.

ಬಣ್ಣದ ವಿಷಯದಲ್ಲಿಯೂ ಒಂದು ಭ್ರಮೆಯಿದೆ. ಪತ್ರಹರಿತ್ತು ಕೆಂಪು ನೀಲಿಗಳನ್ನು ಹೆಚ್ಚಾಗಿ ಹೀರುವುದರಿಂದ ನೇರಳೆಬಣ್ಣದ ದೀಪವೇ ಶ್ರೇಷ್ಠವೆಂದು ಹೇಳುವುದುಂಟು. 1972ರಲ್ಲಿ ಮ್ಯಾಕ್‌ಕ್ರೀ ಎಂಬ ವಿಜ್ಞಾನಿಯು 22 ಬೆಳೆಗಳ ಎಲೆಗಳನ್ನು ಪರೀಕ್ಷಿಸಿ ಹಸುರುಬೆಳಕೂ ಗಣನೀಯವಾಗಿ ಉಪಯೋಗವಾಗುತ್ತದೆಂದು ತೋರಿಸಿದನು. ಕೆಂಪು ಫೋಟಾನನ್ನು ತಯಾರಿಸಲು ನೀಲಿಗಿಂತ ಕಡಿಮೆ ಶಕ್ತಿ ಸಾಕೆಂಬುದು ನಿಜ. ಕೆಂಪು ಬೆರೆಸಿದ ಬಿಳಿಯ ಫಲಕಗಳು ಮಿತವ್ಯಯದವಾಗಿರುವುದು ಇದರಿಂದಲೇ. ಆದರೆ ಬರಿಯ ನೇರಳೆಯಲ್ಲಿ ಎಲೆ ಕಪ್ಪಾಗಿ ಕಾಣುತ್ತದೆ. ರೋಗದ ಮಚ್ಚೆ, ಗೊಬ್ಬರದ ಕೊರತೆಯ ಹಳದಿ ಯಾವುದೂ ಬೆಳೆಗಾರನ ಕಣ್ಣಿಗೆ ಬೀಳದು. ಬಿಳಿಯ ದೀಪವೇ ಮೇಲು.

ಮಾರಾಟದ ಮಾತುಗಳಲ್ಲಿ ಎಲ್ಲಕ್ಕಿಂತ ಮೋಸದ್ದು ‘1000 ವ್ಯಾಟ್’ ಎಂಬ ಬರಹ. ಗೋಡೆಯಿಂದ 100 ವ್ಯಾಟನ್ನಷ್ಟೇ ಸೆಳೆಯುವ ದೀಪದ ಮೇಲೂ ಹೀಗೆ ಅಚ್ಚುಹಾಕಿರುವುದುಂಟು. ಇದನ್ನು ಮನೆಯ ಮೀಟರಿನಿಂದಲೇ ಪರೀಕ್ಷಿಸಬಹುದು. ಮೀಟರಿನ ಮುಖದ ಮೇಲೆ ಒಂದು ಯೂನಿಟಿಗೆ ಅದರ ಪುಟ್ಟ ಕೆಂಪುದೀಪ ಎಷ್ಟು ಸಲ ಮಿನುಗುವುದೆಂದು ಬರೆದಿರುತ್ತದೆ. ಅದು 3200 ಎಂದಿರಲಿ. ಮನೆಯ ಉಳಿದೆಲ್ಲವನ್ನೂ ಆರಿಸಿ ಆ ದೀಪವೊಂದನ್ನೇ ಹಚ್ಚಿರಿ. 100 ವ್ಯಾಟಿನ ದೀಪವಾದರೆ ಸುಮಾರು 11 ಸೆಕೆಂಡಿಗೊಮ್ಮೆ ಮಿನುಗುತ್ತದೆ. ನಿಜವಾಗಿ 1000 ವ್ಯಾಟಾದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಮ್ಮೆ. ಬೆಳಕನ್ನು ಅಳೆಯಲು ಬಿಳಿಯ ಎಲ್‌ಇಡಿಯಾದರೆ ಲಕ್ಸ್ ಮೀಟರೂ ಆದೀತು: ಲಕ್ಸನ್ನು 70ರಿಂದ ಭಾಗಿಸಿದರೆ ಮೈಕ್ರೊಮೋಲ್ ಸ್ಥೂಲವಾಗಿ ದೊರೆಯುತ್ತದೆ. 14,000 ಲಕ್ಸ್ ಎಂದರೆ 200 ಮೈಕ್ರೊಮೋಲ್. ನಡುವೆ ಒಂದು ಕಡೆ ಅಳೆದರೆ ಸಾಲದು. ನಾಲ್ಕು ಮೂಲೆಗಳಲ್ಲಿಯೂ ಅಳೆಯಬೇಕು. ನೇರಳೆದೀಪಕ್ಕೆ ಈ ಭಾಗಾಕಾರ ಸಲ್ಲದು.

ಬೆಳೆಗಾರನು ಇಷ್ಟೆಲ್ಲ ಶ್ರಮಪಡಬೇಕಾಗಿರುವುದೇ ಒಂದು ಲೋಪವೆಂದು ನಾವು ಭಾವಿಸುತ್ತೇವೆ. ಮನೆದೀಪಗಳಿಗೆ ನಕ್ಷತ್ರದ ಗುರುತು ಇದೆ. ಅದು ಮನುಷ್ಯನ ಕಣ್ಣಿನ ಲೂಮೆನ್ ಲೆಕ್ಕದ್ದು. ಗಿಡಕ್ಕೆಂದು ಮಾರುವ ದೀಪದ ಡಬ್ಬಿಯ ಮೇಲೆ ಮೂರು ಅಂಕಿಗಳು ಕಡ್ಡಾಯವಾಗಿ ಇರಬೇಕು: ಗೋಡೆಯಿಂದ ಸೆಳೆಯುವ ವ್ಯಾಟ್, ಸೆಕೆಂಡಿಗೆ ಹೊರಸೂಸುವ ಮೈಕ್ರೊಮೋಲ್, ಇವೆರಡರ ಭಾಗಲಬ್ಧವಾದ ಜೂಲಿಗೆ ಮೈಕ್ರೊಮೋಲ್. ಈ ಅಂಕಿಗಳಿಲ್ಲದ ದೀಪವನ್ನು ಕೊಳ್ಳದಿರುವುದು ಗ್ರಾಹಕನ ಕೈಯಲ್ಲಿದೆ. ತೂಕದ ಕಲ್ಲಿಗೆ ಮುದ್ರೆ ಬೇಕೆನ್ನುವ ನಾವು ಬೆಳಕಿಗೆ ಮಾತ್ರ ಅಳತೆ ಬೇಡವೆನ್ನುವುದು ಸರಿಯಲ್ಲ.

ಎರಡನೆಯದಾಗಿ, ಫೋಟಾನುಗಳನ್ನು ನೇರವಾಗಿ ಎಣಿಸುವ ಮಾಪಕವೊಂದು ಪ್ರತಿ ತಾಲ್ಲೂಕಿನಲ್ಲಿಯೂ ರೈತರ ಕೈಗೆಟುಕುವಂತಿರಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಊರೂರಿನ ಕಾಲೇಜುಗಳಲ್ಲಿ ಭೌತವಿಜ್ಞಾನದ ಪ್ರಯೋಗಶಾಲೆಗಳಿವೆ. ಸಾವಿರಾರು ರೂಪಾಯಿಯ ಆ ಉಪಕರಣವನ್ನು ಒಬ್ಬೊಬ್ಬ ರೈತನೂ ಕೊಳ್ಳುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಮಣ್ಣಿನ ಪರೀಕ್ಷೆ ಮಾಡಿಕೊಡುವಂತೆ ಬೆಳಕಿನ ಪರೀಕ್ಷೆಯನ್ನೂ ಮಾಡಿಕೊಟ್ಟರೆ ಸಾಕು. ಕಾಲೇಜಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವುದಿದೆ? ವರ್ಷವರ್ಷವೂ ಅದೇ ಮಸೂರದ ನಾಭಿದೂರವನ್ನು ಅಳೆಯುವ ಕೈಗಳು ಒಮ್ಮೆ ಸೇವಂತಿಗೆಯ ಹೊಲಕ್ಕೆ ಹೋಗಿ ಅಲ್ಲಿನ ಬೆಳಕನ್ನು ಅಳೆಯಲಿ. ವಿದ್ಯೆಗೂ ಲಾಭ, ಹೊಲಕ್ಕೂ ಲಾಭ.

ನೀಲಿಯ ಎಲ್‌ಇಡಿಯನ್ನು ಸಾಧಿಸಿ ಬಿಳಿಯ ದೀಪಕ್ಕೆ ದಾರಿ ತೆರೆದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅವರ ಸಾಧನೆ ಬಡವನ ಮನೆಯನ್ನೂ ಬೆಳಗಿದೆ. ಅಂಥ ದೀಪವನ್ನು ನಾವು ದೂರುತ್ತಿಲ್ಲ. ಅದನ್ನು ಅದರ ಸ್ಥಾನದಲ್ಲಿ ಇಡಬೇಕೆನ್ನುತ್ತೇವೆ. ಸುದ್ದಿ ಹೇಳುವುದಕ್ಕಾದರೆ ಹಿಂಜರಿಯದೆ ಹಚ್ಚಿರಿ. ಅನ್ನಕ್ಕಾದರೆ ಮೊದಲು ಮಾಳಿಗೆಯ ಮೇಲೆ ಹೋಗಿ ಆಕಾಶವನ್ನು ನೋಡಿರಿ. ಅಲ್ಲಿ ಬಿಸಿಲು ಇಲ್ಲವೆಂದಾದರೆ ಮಾತ್ರ ಅಂಗಡಿಗೆ ಹೋಗಿ, ಮೈಕ್ರೊಮೋಲ್ ಎಷ್ಟೆಂದು ಕೇಳಿರಿ.